ಬತ್ತಿ ಕೋವಿ ಹಾರಿಸುತ್ತಿದ್ದುದು ಹೇಗೆ?

ಮ್ಯೂಸಿಯಂನಲ್ಲಿ ಹಳೇ ಕೋವಿ ಕಂಡರೆ ನಾವು ನಳಿಗೆಯ ಉದ್ದ ನೋಡಿ ಮುಂದೆ ಹೋಗಿಬಿಡುತ್ತೇವೆ. ಮುಂದಿನ ಸಲ ಸ್ವಲ್ಪ ಬಗ್ಗಿ ನೋಡಿ. ಹಾವಿನ ಹಾಗೆ ಬಾಗಿದ ಕಬ್ಬಿಣದ ಕೊಕ್ಕೆ ಕಂಡರೆ, ಅದು ಬತ್ತಿ ಕೋವಿ, ಅಂದರೆ ಮ್ಯಾಚ್‌ಲಾಕ್. ಅದರ ಜಾಣ್ಮೆಯೆಲ್ಲ ಆ ಕೊಕ್ಕೆಯಲ್ಲೇ ಇದೆ.

ಅದಕ್ಕೂ ಮೊದಲು ಯುರೋಪಿನಲ್ಲಿದ್ದದ್ದು ಕೈತೋಪು. ಒಂದು ಕೈಯಲ್ಲಿ ತೋಪು, ಇನ್ನೊಂದು ಕೈಯಲ್ಲಿ ಬೆಂಕಿ. ನಳಿಗೆಯ ಸಣ್ಣ ತೂತಿಗೆ ಬೆಂಕಿ ಮುಟ್ಟಿಸಬೇಕಾದರೆ ಕಣ್ಣು ತೂತಿನ ಮೇಲೇ ಇರಬೇಕು, ಅಲ್ವಾ? ಹಾಗಾದರೆ ಗುರಿ ನೋಡುವುದು ಯಾರು? 15ನೇ ಶತಮಾನದಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. ಉರಿಯುವ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕೊಕ್ಕೆಯನ್ನು ಆಡಿಸುವ ಕೆಲಸವನ್ನು ಬೆರಳಿಗೆ ಕೊಟ್ಟರು. ಎರಡು ಕೈಯೂ ಕೋವಿಗೆ, ಕಣ್ಣು ಗುರಿಗೆ.

ಮೊದಲು ಬತ್ತಿ ತಯಾರಾಗಬೇಕು. ಸೆಣಬಿನ ಹಗ್ಗವನ್ನು ಪೆಟ್ಲುಪ್ಪಿನ (ಮದ್ದಿಗೆ ಬೆರೆಸುವ ಉಪ್ಪಿನ) ನೀರಲ್ಲಿ ನೆನೆಸಿ ಒಣಗಿಸುತ್ತಿದ್ದರು. ಹಚ್ಚಿದರೆ ಊದುಬತ್ತಿಯ ಹಾಗೆ ನಿಧಾನ ಸುಡುತ್ತದೆ, ಜ್ವಾಲೆ ಏಳುವುದಿಲ್ಲ. ಒಂದು ತುದಿ ಆರಿದರೆ ಇನ್ನೊಂದಿರಲಿ ಅಂತ ಎರಡೂ ತುದಿ ಹಚ್ಚಿಕೊಳ್ಳುತ್ತಿದ್ದರು.

ಮದ್ದು ತುಂಬುವಾಗ ಬತ್ತಿ ಕೊಕ್ಕೆಯಲ್ಲಿ ಇರಕೂಡದು. ಅದನ್ನು ಬಿಡಿಸಿ ಎಡಗೈ ಬೆರಳ ಸಂದಿಯಲ್ಲಿ ಹಿಡಿಯಬೇಕು. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ನುಣ್ಣನೆಯ ಮದ್ದಿನ ಪುಡಿ ಹಾಕಬೇಕು. ಇದಕ್ಕೆ ರಂಜಕ ಅನ್ನುತ್ತಾರೆ. ಬಟ್ಟಲಿನ ಮುಚ್ಚಳ ಮುಚ್ಚಿ, ಹೊರಗೆ ಚೆಲ್ಲಿದ ಪುಡಿಯನ್ನು ಉಫ್ ಅಂತ ಊದಬೇಕು. ಒಂದೆರಡು ಕಾಳು ಉಳಿದರೂ ಅಪಾಯ. ಆಮೇಲೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಗಜ ಅನ್ನುವ ಉದ್ದ ಕೋಲಿನಿಂದ ಗಿಡಿಯಬೇಕು.

ಈಗ ಬತ್ತಿ ಮತ್ತೆ ಕೊಕ್ಕೆಗೆ. ಅದರ ತುದಿ ಸರಿಯಾಗಿ ಬಟ್ಟಲಿಗೇ ಬೀಳುತ್ತದಾ ಅಂತ ಒಮ್ಮೆ ಪರೀಕ್ಷೆ. ಊದಿ ಕೆಂಡ ಕೆಂಪು ಮಾಡಿ, ಮುಚ್ಚಳ ತೆರೆದು, ಗುರಿ ಹಿಡಿದು ಕೆಳಗಿನ ಸನ್ನೆಗೋಲು ಒತ್ತಿದರೆ ಕೊಕ್ಕೆ ಬಗ್ಗುತ್ತದೆ. ರಂಜಕ ಭಗ್ಗೆಂದು ಹತ್ತಿ, ಆ ಬೆಂಕಿ ತೂತಿನೊಳಗೆ ನುಗ್ಗಿ ಒಳಗಿನ ಮದ್ದಿಗೆ ತಗಲುತ್ತದೆ. ಕೆಲವೊಮ್ಮೆ ರಂಜಕ ಮಾತ್ರ ಉರಿದು ಗುಂಡು ಅಲ್ಲೇ ಉಳಿಯುತ್ತಿತ್ತು. ಡಚ್ ಕಲಾವಿದ ಯಾಕೋಬ್ ದ ಗೇಯ್ನ್ 1607ರಲ್ಲಿ ಹೊರತಂದ ಕವಾಯತು ಚಿತ್ರಗಳಲ್ಲಿ ಮಸ್ಕೆಟ್ ಅನ್ನುವ ಭಾರದ ಬತ್ತಿ ಕೋವಿ ಒಂದಕ್ಕೇ 40ಕ್ಕೂ ಜಾಸ್ತಿ ಭಂಗಿಗಳಿವೆ. ಮದ್ದಿನ ಪಕ್ಕದಲ್ಲೇ ಕೆಂಡ ಇರುವಾಗ ಅಷ್ಟು ಶಿಸ್ತು ಬೇಕೇ ಬೇಕಿತ್ತು.

ಮಳೆ ಬಂದರೆ ಬತ್ತಿ ಆರುತ್ತಿತ್ತು. ರಾತ್ರಿಯಲ್ಲಿ ಕೆಂಡದ ಹೊಳಪೇ ಶತ್ರುವಿಗೆ ಜಾಗ ತೋರಿಸಿಕೊಡುತ್ತಿತ್ತು.

ಆದರೂ ಗುರಿ ಹಿಡಿಯುವ ಕೋವಿ ಏನು ಮಾಡಬಲ್ಲದು ಅನ್ನುವುದನ್ನು ನಮ್ಮ ರಾಯಚೂರು ಕಂಡಿದೆ. 1520ರಲ್ಲಿ ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದ. ಗೋಡೆ ಕೀಳಲು ಹೋದ ಸೈನಿಕರ ಮೇಲೆ ಮೇಲಿನಿಂದ ಕಲ್ಲು, ಬಾಣ ಬೀಳುತ್ತಿದ್ದವು. ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನೂ ಅವನ ಕೆಲವೇ ಜೊತೆಗಾರರೂ ಕೋವಿ ಹಿಡಿದು ನಿಂತು, ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದರು. ಕೆಳಗಿನವರು ಕಲ್ಲು ಕೀಳುತ್ತಾ ಹೋದರು. ಕೊನೆಗೆ ಕೋಟೆಯ ನಾಯಕ ಕೆಳಗೆ ಏನಾಗುತ್ತಿದೆ ಅಂತ ಬಗ್ಗಿ ನೋಡಿದ. ಗುಂಡು ಅವನ ಹಣೆಯ ನಡುವೆ ಬಿತ್ತು ಅಂತ ವಿಜಯನಗರದ ಕಥೆ ಬರೆದ ಪೋರ್ಚುಗೀಸ ನೂನಿಸ್ ಬರೆದಿಟ್ಟಿದ್ದಾನೆ.