ಕಥೆ ಓದಬೇಡ, ಪದ ಓದು

1998ರಲ್ಲಿ ನನಗೆ ಚೆನ್ನೈಗೆ ವರ್ಗವಾಯಿತು. ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ. ತಮಿಳು ಬಾರದು, ಊಟದ ಹೊತ್ತಿನಲ್ಲಿ ಮಾತಿಗೆ ಜನ ಇಲ್ಲ. ಎದುರಿಗೆ ಕೂರುತ್ತಿದ್ದ ಹಿರಿಯರೊಬ್ಬರು ಮೊಸರನ್ನ ಮುಗಿಸಿ ಕೈ ತೊಳೆದು ಬಂದು, 'ದಿ ಹಿಂದೂ' ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪದಬಂಧ ತುಂಬಲು ಶುರುಮಾಡುತ್ತಿದ್ದರು. ಪೆನ್ನಿನಲ್ಲಿ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಮುಗಿಸಿ ಕೌಂಟರಿಗೆ ವಾಪಸ್.

ನನಗೆ ಪದಬಂಧ ಹೊಸದೇನಲ್ಲ. ಸಾಗರದಲ್ಲಿ ಅಮ್ಮ ದಿನಾ ಕನ್ನಡ ಪೇಪರಿನ ಪದಬಂಧ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಬಾಯಿ ಹಾಕುತ್ತಿದ್ದೆ. ಹಾಗಾಗಿ ಒಂದು ದಿನ ಧೈರ್ಯ ಮಾಡಿ ಅವರ ಪೇಪರಿನ ಕಡೆ ಬಗ್ಗಿದೆ. ಒಂದು ಸುಳಿವು ಸುಮಾರು ಹೀಗಿತ್ತು: 'ಡ್ರೈವರ್ ಲೂಸಸ್ ಹಿಸ್ ಹೆಡ್, ಬಿಕಮಿಂಗ್ ಎ ಬ್ಯಾಂಕರ್ (5)'. ಡ್ರೈವರ್ ಒಬ್ಬ ತಲೆಕೆಟ್ಟು ಬ್ಯಾಂಕಿಗೆ ಸೇರಿದ ಅಂತ ಅರ್ಥ ಮಾಡಿಕೊಂಡೆ. ಐದು ಅಕ್ಷರ, ಬ್ಯಾಂಕಿನವನು. 'ಕ್ಲರ್ಕ್!' ಅಂದೆ. ಸಿ, ಎಲ್, ಇ, ಆರ್, ಕೆ. ಸರಿಯಾಗಿ ಐದು. ನನ್ನದೇ ಹುದ್ದೆ ಬೇರೆ.

ಅವರು ನಕ್ಕು ಪೆನ್ನಿನ ತುದಿಯಿಂದ 'ಡ್ರೈವರ್' ಪದದ ಮೊದಲಕ್ಷರ ಮುಚ್ಚಿದರು. ಡಿ ಹೋಯಿತು. ಉಳಿದದ್ದು ಆರ್, ಐ, ವಿ, ಇ, ಆರ್. ರಿವರ್. ಡ್ರೈವರ್ ತಲೆ ಕಳೆದುಕೊಂಡ ಅಂದರೆ ಆ ಪದ ತನ್ನ ಮೊದಲಕ್ಷರ ಕಳೆದುಕೊಂಡಿತು, ಅಷ್ಟೇ. ಮತ್ತೆ ಬ್ಯಾಂಕರ್? ಇಂಗ್ಲಿಷಿನಲ್ಲಿ ಬ್ಯಾಂಕ್ ಅಂದರೆ ನದಿಯ ದಡ ಕೂಡ. ದಡ ಇರುವುದು ಯಾವುದೋ ಅದು ಬ್ಯಾಂಕರ್. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮೋಸ ಹೋದೆ ಅನ್ನಿಸಿತು, ಜೊತೆಗೆ ಖುಷಿಯೂ ಆಯಿತು. ಅವರು ಹೇಳಿದ್ದು ಒಂದೇ ಮಾತು: 'ತಂಬಿ, ಕಥೆ ಓದಬೇಡ. ಪದ ಓದು.'

ಆ ಮಾತು ತಲೆಗೆ ಇಳಿಯಲು ನನಗೆ ನಾಲ್ಕೈದು ತಿಂಗಳು ಬೇಕಾಯಿತು.

ಇಂಥದ್ದಕ್ಕೆ ಕ್ರಿಪ್ಟಿಕ್, ಅಂದರೆ ಗೂಢ, ಸುಳಿವು ಅನ್ನುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ಸುಳಿವು. ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ, ಒಂದೋ ಶುರುವಿನಲ್ಲಿ, ಇಲ್ಲವೇ ಕೊನೆಯಲ್ಲಿ. ಉಳಿದ ಭಾಗದಲ್ಲಿ ಹೆಚ್ಚಾಗಿ ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ವಿಧಾನ ಇರುತ್ತದೆ. ಎರಡನ್ನೂ ಹೊಲಿದು ಒಂದು ಸುಳ್ಳು ಕಥೆ ಮಾಡಿರುತ್ತಾರೆ. ಓದುವವನು ಕಥೆಯ ಹಿಂದೆ ಹೋದರೆ ಕೆಟ್ಟ. ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು.

ನಾನು ಮೊದಲು ಹಿಡಿದದ್ದು ಅಕ್ಷರ ಕಲಸುವ ಸುಳಿವುಗಳನ್ನು. ಅವು ಸುಲಭವಾಗಿ ಸಿಕ್ಕಿಬೀಳುತ್ತವೆ. ಕುಡಿದ, ಒಡೆದ, ಹುಚ್ಚಾದ, ಕುಣಿದ, ಕೆಟ್ಟುಹೋದ, ಇಂಥ ಯಾವ ಪದ ಕಂಡರೂ ಪಕ್ಕದ ಪದದ ಅಕ್ಷರ ಎಣಿಸಬೇಕು. ಅದು ಕಂಸದಲ್ಲಿರುವ ಸಂಖ್ಯೆಗೆ ಹೊಂದಿದರೆ ಮುಕ್ಕಾಲು ಕೆಲಸ ಆಯಿತು. ನಾನೇ ಕಟ್ಟಿದ ಒಂದು ಉದಾಹರಣೆ: 'ಡ್ರಂಕ್ ಪ್ರೀಸ್ಟ್ ಗೆಟ್ಸ್ ಎ ಸಾಫ್ಟ್ ಡ್ರಿಂಕ್ (6)'. ಕುಡಿದ ಪಾದ್ರಿಗೆ ತಂಪು ಪಾನೀಯ ಸಿಕ್ಕಿತಂತೆ. ಪಾದ್ರಿಯನ್ನು ಬಿಡಿ. ಪ್ರೀಸ್ಟ್ ಪದದಲ್ಲಿ ಆರು ಅಕ್ಷರ: ಪಿ, ಆರ್, ಐ, ಇ, ಎಸ್, ಟಿ. ಕುಡಿದಿದೆ, ಹಾಗಾಗಿ ತೂರಾಡುತ್ತದೆ. ಎಸ್, ಪಿ, ಆರ್, ಐ, ಟಿ, ಇ ಆಯಿತು. ಸ್ಪ್ರೈಟ್. ತಂಪು ಪಾನೀಯವೇ.

ಇದನ್ನು ಮನಸ್ಸಿನಲ್ಲೇ ಮಾಡಲು ಹೋಗಬೇಡಿ. ಅಕ್ಷರಗಳನ್ನು ಅಂಚಿನಲ್ಲಿ ವೃತ್ತಾಕಾರವಾಗಿ ಬರೆದುಕೊಳ್ಳಿ. ಸಾಲಾಗಿ ಬರೆದರೆ ಕಣ್ಣು ಹಳೇ ಪದವನ್ನೇ ಓದುತ್ತದೆ, ವೃತ್ತದಲ್ಲಿ ಬರೆದರೆ ಅದು ಮರೆತುಹೋಗುತ್ತದೆ. ಈ ಉಪಾಯವೂ ಆ ಹಿರಿಯರದೇ.

ಆಮೇಲೆ ಬರುವುದು ಸಂಕೇತಾಕ್ಷರಗಳು. ಡಾಕ್ಟರ್ ಅಂದರೆ ಡಿ-ಆರ್. ಒಳ್ಳೆಯ ಮನುಷ್ಯ ಅಂದರೆ ಸಂತ, ಹಾಗಾಗಿ ಎಸ್-ಟಿ. ಕೆಲಸಗಾರ ಅಂದರೆ ಇರುವೆ, ಎ-ಎನ್-ಟಿ. ಐವತ್ತು ಅಂದರೆ ರೋಮನ್ ಅಂಕಿಯ ಎಲ್. 'ಫ್ಲವರ್' ಅಂದರೆ ಹೂವು ಅಂತ ನಂಬಬಾರದು, 'ಫ್ಲೋ' ಆಗುವುದು ಅಂತ ಒಡೆದು ಓದಿದರೆ ಅದೂ ನದಿಯೇ. ಇವನ್ನೆಲ್ಲ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬಾಯಿಪಾಠ ಮಾಡಲು ಕೂರಲಿಲ್ಲ. ಮೂರು ಸಲ ಪೆಟ್ಟು ತಿಂದರೆ ತಾನಾಗೇ ನೆನಪಿರುತ್ತದೆ.

ಎರಡು ತಿಂಗಳಲ್ಲಿ ಅರ್ಧ ಪದಬಂಧ ತುಂಬುವಷ್ಟಾದೆ. ನಿಜ ಹೇಳಬೇಕು, ಅದರಲ್ಲಿ ಅರ್ಧ ಊಹೆ. ಅಡ್ಡಕ್ಕೂ ಉದ್ದಕ್ಕೂ ಎರಡು ಮೂರು ಅಕ್ಷರ ಬಿದ್ದಿದ್ದರೆ ಪದ ಹೊಳೆದುಬಿಡುತ್ತದೆ, ಯಾಕೆ ಅಂತ ಗೊತ್ತಿರುವುದಿಲ್ಲ. ಒಂದು ದಿನ ಹೀಗೊಂದು ಸುಳಿವು: 'ಅಬೌಟ್ ಟು ಫ್ಲ್ಯಾಗ್, ಸೋ ಗೋ ಟು ಬೆಡ್ (6)'. 'ರಿಟೈರ್' ಅಂತ ಬರೆದೆ. ಮಲಗಲು ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಹಾಗೂ ಹೇಳುತ್ತಾರೆ, ಅಕ್ಷರವೂ ಆರು. ಹಿರಿಯರು ಕೇಳಿದರು, 'ಬಾವುಟ ಎಲ್ಲಿ ಹೋಯಿತು?' ನನಗೆ ಗೊತ್ತಿಲ್ಲ. 'ಗೊತ್ತಿಲ್ಲ ಸಾರ್, ಆದರೆ ಉತ್ತರ ಸರಿ ಇದೆಯಲ್ಲ' ಅಂದೆ.

'ನಿನ್ನ ಕ್ಯಾಶ್ ಟ್ಯಾಲಿ ಆಯಿತು, ವೋಚರ್ ಇಲ್ಲ. ಮ್ಯಾನೇಜರ್ ಸಹಿ ಹಾಕ್ತಾರಾ?' ಅಂದರು.

ಬ್ಯಾಂಕಿನವನಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ. ಆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದೆ. ತಿರುವಾನ್ಮಿಯೂರು ಬರುವ ಹೊತ್ತಿಗೆ ಹೊಳೆಯಿತು. 'ಅಬೌಟ್' ಅಂದರೆ ಕುರಿತು, ಪತ್ರಗಳಲ್ಲಿ ಬರೆಯುವ ಆರ್-ಇ. 'ಫ್ಲ್ಯಾಗ್' ಅಂದರೆ ಬಾವುಟ ಅಲ್ಲ, ಸುಸ್ತಾಗುವುದು. ಟೈರ್. ಎರಡನ್ನೂ ಸೇರಿಸಿದರೆ ರಿ-ಟೈರ್. ನಡುವಿನ 'ಸೋ' ಎರಡು ಭಾಗಗಳ ನಡುವಿನ ಸೇತುವೆ. ಒಂದು ಪದವೂ ದಂಡಕ್ಕಿಲ್ಲ!

ಅವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ವಿವರಿಸಲು ಬಾರದ ಉತ್ತರವನ್ನು ಪೆನ್ಸಿಲಿನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುವುದು, ವೋಚರ್ ಸಿಕ್ಕ ಮೇಲೇ ಪೆನ್ನು. ಮರುದಿನದ ಪೇಪರಿನಲ್ಲಿ ಉತ್ತರ ಬಂದಾಗ ಬರೀ ಸರಿಯೋ ತಪ್ಪೋ ನೋಡಿ ಸುಮ್ನೆ ಬಿಡುತ್ತಿರಲಿಲ್ಲ. ಸುಳಿವಿನ ಪ್ರತಿಯೊಂದು ಪದಕ್ಕೂ ಲೆಕ್ಕ ಕೊಡಲು ಆಗುತ್ತದಾ ಅಂತ ನೋಟ್‌ಬುಕ್ಕಿನಲ್ಲಿ ಬರೆದು ನೋಡುತ್ತಿದ್ದೆ. ಇದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೆ ನನ್ನ ವೇಗ ಬಂದದ್ದು ಇದರಿಂದಲೇ, ದಿನಾ ಹೊಸ ಪದಬಂಧ ಗುದ್ದಾಡಿದ್ದರಿಂದ ಅಲ್ಲ.

ಆಫ್ರಿಟ್ ಎಂಬ ಗುಪ್ತನಾಮದ ಇಂಗ್ಲಿಷ್ ರಚನಕಾರನೊಬ್ಬ 1949ರಲ್ಲೇ ಈ ಆಟದ ಧರ್ಮವನ್ನು ಹೇಳಿಟ್ಟಿದ್ದಾನೆ ಅಂತ ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಅವನ ಮಾತಿನ ತಾತ್ಪರ್ಯ ಇಷ್ಟು: ನೀನು ಹೇಳಿದ್ದೇ ನಿನ್ನ ಮನಸ್ಸಿನಲ್ಲಿ ಇರಬೇಕಾಗಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಿರಲೇಬೇಕು. ಕಥೆಯಲ್ಲಿ ಸುಳ್ಳು ಹೇಳಬಹುದು, ಲೆಕ್ಕದಲ್ಲಿ ಹೇಳುವಂತಿಲ್ಲ.

ಈ ಆಟದ ಹಿರಿಯರು ಒಬ್ಬರಿಗಿಂತ ಒಬ್ಬರು ವಿಚಿತ್ರ. ಸಾದಾ ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ. ಮಾಡಿದವನು ಆರ್ಥರ್ ವಿನ್. ಅದಕ್ಕೆ ಈ ಕಳ್ಳಬುದ್ಧಿ ಸೇರಿಸಿದವರು ಇಂಗ್ಲೆಂಡಿನವರು. 1926ರಿಂದ 'ದಿ ಅಬ್ಸರ್ವರ್' ಪತ್ರಿಕೆಗೆ ಪೋವಿಸ್ ಮ್ಯಾಥರ್ಸ್ ಎಂಬಾತ ರಚಿಸುತ್ತಿದ್ದ. ಗುಪ್ತನಾಮ ಟಾರ್ಕೆಮಾಡ, ಸ್ಪೇನಿನಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ ಧರ್ಮಾಧಿಕಾರಿಯ ಹೆಸರು. ಇದೇ ಮ್ಯಾಥರ್ಸ್ ಬಿಲ್ಹಣನ ಪ್ರೇಮ ಪದ್ಯಗಳನ್ನೂ ಇಂಗ್ಲಿಷಿಗೆ ತಂದಿದ್ದಾನೆ. ಬಿಲ್ಹಣ ನಮ್ಮ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕವಿ! ಇನ್ನು 'ದಿ ಹಿಂದೂ' ಪತ್ರಿಕೆಗೆ ಮೊದಮೊದಲು ಪದಬಂಧ ರಚಿಸಿದ ಭಾರತೀಯ ಅಡ್ಮಿರಲ್ ರಾಮದಾಸ್ ಕಟಾರಿ. 1958ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ. ಹಡಗುಗಳನ್ನು ನಡೆಸಿದವರು ನಿವೃತ್ತಿಯಾದ ಮೇಲೆ ನಮ್ಮಂಥವರಿಗೆ ಅಕ್ಷರದ ಬಲೆ ಬೀಸಿದರು.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಡ್ರೈವರ್ ತಲೆ, ನದಿಯ ದಡ ಅಂತ ಎಷ್ಟು ವಿವರಿಸಿದರೂ ಬೋರ್ಗಲ್ಲ ಮೇಲೆ ನೀರು ಹೊಯ್ದ ಹಾಗೆ. ಕೊನೆಗೆ ಕನ್ನಡದಲ್ಲೇ ಒಂದು ಸುಳಿವು ಕಟ್ಟಿದೆ: 'ಹೊಸದು ತಿರುಗಿ ಬಿದ್ದರೆ ಕಾಡು (2)'. ಅಮ್ಮ ಒಂದು ಕ್ಷಣ ಸುಮ್ಮನಿದ್ದು, 'ನವ... ವನ. ಅಷ್ಟೇನಾ?' ಅಂದಳು. ನಾನು ಅಷ್ಟೇ ಅಂದೆ. 'ಇದೆಂಥ ಹೊಸ ವಿದ್ಯೆ ಮಾರಾಯ! ಮೂರಕ್ಷರ, ನಮ್ಮೂರು. ನಡುವಿನ ಅಕ್ಷರ ತೆಗೆದರೆ ತಿರುಳು. ಇದನ್ನು ನಾವು ಲಂಗ ಉಡುವಾಗಲೇ ಹೇಳ್ತಿದ್ದೆವು.'

ಸಾಗರ. 'ಗ' ತೆಗೆದರೆ ಸಾರ. ಡ್ರೈವರ್‌ನ ತಲೆ ತೆಗೆದಂತೆಯೇ! ನಾನು ಚೆನ್ನೈವರೆಗೆ ಹೋಗಿ ಕಲಿತದ್ದು ನಮ್ಮ ಜಗಲಿಯ ಮೇಲೇ ಇತ್ತು. ಬೇಡನೊಬ್ಬ 'ಮರಾ ಮರಾ' ಅನ್ನುತ್ತಾ ಕೂತು ರಾಮನನ್ನು ಕಂಡ ಕಥೆ ನಮಗೆಲ್ಲ ಗೊತ್ತು, ಅದೂ ಇದೇ ಜಾತಿಯದು. ವಿಕಟಕವಿ ಪದವನ್ನು ಹಿಂದಿನಿಂದ ಓದಿ ಮಜಾ ಮಾಡದ ಮಕ್ಕಳೇ ಇಲ್ಲ. ಆದರೆ ನಮ್ಮ ಪೇಪರಿನ ಪದಬಂಧದಲ್ಲಿ ಇವು ಕಾಣಿಸುವುದು ಅಪರೂಪ. ಅಲ್ಲಿ 'ಸಮುದ್ರ (3)' ಅಂದರೆ ಸಾಗರ, ಮುಗಿಯಿತು. ಅದು ಪದ ಸಂಪತ್ತಿನ ಪರೀಕ್ಷೆ. ತಪ್ಪಿಲ್ಲ, ಆದರೆ ನನಗೆ ಈಗ ರುಚಿಸುವುದಿಲ್ಲ.

ಆ ರಜೆಯಲ್ಲಿ ನಾನು ಅಮ್ಮ ಇಬ್ಬರೂ ಸೇರಿ ಸುಳಿವು ಕಟ್ಟಲು ಶುರುಮಾಡಿದೆವು. ಕಟ್ಟಲು ಹೋದಾಗಲೇ ಕನ್ನಡದ ಕಷ್ಟವೂ ಗೊತ್ತಾಯಿತು, ಸುಖವೂ ಗೊತ್ತಾಯಿತು.

ಕಷ್ಟ ಅಂದರೆ ಅಕ್ಷರ ಕಲಸುವುದು. ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಅಕ್ಷರ, ಹೇಗೆ ಬೇಕಾದರೂ ಜೋಡಿಸಬಹುದು. ನಮ್ಮಲ್ಲಿ ಒಂದು ಚೌಕಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರ ಕೂರುತ್ತದೆ. 'ಸ್ತ್ರೀ' ಒಂದೇ ಚೌಕ. ಅದನ್ನು ಬೇರೆ ಪದದಲ್ಲಿ ಎಲ್ಲಿ ಅಂತ ಕೂರಿಸುವುದು? ಎರಡು ದಿನ ಒದ್ದಾಡಿ ಒಂದು ಸಿಕ್ಕಿತು: 'ದವನ ಚೆಲ್ಲಾಪಿಲ್ಲಿಯಾದ ಮುಖ (3)'. ಚೆಲ್ಲಾಪಿಲ್ಲಿ ಅಂದರೆ ಕಲಸು. ದವನ ಕಲಸಿದರೆ ವದನ.

ಇನ್ನೊಂದು ಕಷ್ಟ ವಿಭಕ್ತಿ. ನನ್ನ ಒಂದು ಸುಳಿವು ಹೀಗಿತ್ತು: 'ಕಾಡು ಸೇರಿದರೆ ಕಾಯಿಲೆ ಗುಣ, ಕದಂಬರ ಊರಲ್ಲಿ (4)'. ಕಾಡು ಅಂದರೆ ಬನ, ಕಾಯಿಲೆ ಗುಣ ಅಂದರೆ ವಾಸಿ, ಬನವಾಸಿ. ಬಹಳ ಹೆಮ್ಮೆಪಟ್ಟೆ. ಚೆನ್ನೈಗೆ ವಾಪಸ್ ಬಂದು ಹಿರಿಯರಿಗೆ ಪದ ಪದ ಬಿಡಿಸಿ ಹೇಳಿದೆ. ಕನ್ನಡ ಬಾರದ ಅವರು ಪಟ್ಟನೆ ಕೇಳಿದರು, 'ಊರು ಪದದ ಕೊನೆಗೆ ಆ “ಅಲ್ಲಿ” ಯಾಕೆ ಇದೆ?' ಹೌದಲ್ಲ. ಬನವಾಸಿ ಕದಂಬರ ಊರು, 'ಊರಲ್ಲಿ' ಅಲ್ಲ. ಕಥೆ ಚೆನ್ನಾಗಿ ಕಾಣಲಿ ಅಂತ ನಾನು ಸೇರಿಸಿದ ಬಾಲ ಅದು. ವೋಚರ್ ಇಲ್ಲದ ಖರ್ಚು. ಇಂಗ್ಲಿಷಿನವರಿಗೆ ಇದು 'ಇನ್' ಅನ್ನುವ ಬಿಡಿ ಪದ, ಅದನ್ನೂ ಒಂದು ಸಾಧನ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡು ಹೊಲಿಗೆಯನ್ನು ತೋರಿಸಿಬಿಡುತ್ತದೆ. ಬಾಲ ಕತ್ತರಿಸಿ 'ಕದಂಬರ ಊರು' ಅಂತ ಮಾಡಿದೆ. ಕಥೆ ಸ್ವಲ್ಪ ಕುಂಟಿತು, ಲೆಕ್ಕ ನೇರವಾಯಿತು.

ಸುಖ ಎಲ್ಲಿದೆ ಅಂದರೆ ಎರಡರ್ಥದ ಪದಗಳಲ್ಲಿ. ಕನ್ನಡದ ಪುಟ್ಟ ಪದಗಳಿಗೆ ಹೊಟ್ಟೆಯೊಳಗೆ ಎರಡು ಮೂರು ಅರ್ಥ. ಅರಸು ಅಂದರೆ ರಾಜ, ಹುಡುಕು. ಹತ್ತು ಅಂದರೆ ಸಂಖ್ಯೆ, ಮೇಲೇರು. ಕರಿ ಅಂದರೆ ಆನೆ, ಕಪ್ಪು, ಎಣ್ಣೆಯಲ್ಲಿ ಬೇಯಿಸು. 'ಒಲ್ಲೆ ಎಂದ ಬೇಟೆಗಾರ (2)' ಅಂತ ನಾನು ಕಟ್ಟಿದ್ದು ಅಮ್ಮನಿಗೆ ಬಹಳ ಹಿಡಿಸಿತು. ಬೇಡ. ನೆರೆಮನೆಯವರಿಗೆಲ್ಲ ಅದನ್ನೇ ಹೇಳಿ ಪರೀಕ್ಷೆ ಮಾಡುತ್ತಿದ್ದಳು. 'ಆ ಕಡೆಯಿಂದ ಬಂದರೂ ಈ ಕಡೆಯಿಂದ ಬಂದರೂ ಅದೇ ಊರು (3)' ಅನ್ನುವುದು ಅಮ್ಮನದೇ. ಗದಗ ಅಂತ ಹೊಳೆಯಲು ನನಗೆ ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ನಾನು ಮನಸ್ಸಿನಲ್ಲೇ ಬಸ್ ರೂಟ್ ಹುಡುಕುತ್ತಿದ್ದೆ.

ಹಿರಿಯರು 2001ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಕೊಟ್ಟ ಕಾರ್ಡಿನಲ್ಲಿ ಬಾವುಟದ ಸುಳಿವನ್ನು ಬರೆದು ಆರು ಖಾಲಿ ಚೌಕ ಬಿಟ್ಟಿದ್ದೆ. ಅವರು ಅಲ್ಲೇ ಪೆನ್ನು ತೆಗೆದು ತುಂಬಿ, ಪಕ್ಕದಲ್ಲಿ ಪುಟ್ಟದಾಗಿ ಸಹಿ ಹಾಕಿ ನನಗೇ ವಾಪಸ್ ಕೊಟ್ಟರು. 'ಪಾಸ್ ಆಯಿತು' ಅಂದರು.

ಈಗ ನಾನು ಮೈಸೂರಿನಲ್ಲಿದ್ದೇನೆ, ಅಮ್ಮನೂ ಜೊತೆಗಿದ್ದಾಳೆ. ಬೆಳಗಿನ ಕಾಫಿಗೆ ನಾನು ಇಂಗ್ಲಿಷ್ ಪದಬಂಧ, ಅವಳು ಕನ್ನಡದ್ದು. ಮೊನ್ನೆ ಮಳೆಗಾಲದ ಸಂಜೆ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದಳು, 'ಐದಾದ ಮೇಲೆ ಒಣಗು.'

ನಾನು ಗಡಿಯಾರ ನೋಡಿ, ಹಗ್ಗದ ಮೇಲಿದ್ದ ಟವೆಲ್ ಮುಟ್ಟಿ, 'ಐದಾದ ಮೇಲೆ ಎಲ್ಲಿ ಒಣಗುತ್ತೆ ಅಮ್ಮ, ಬಿಸಿಲೇ ಇಲ್ಲ' ಅಂದೆ.

'ಟವೆಲ್ ಬಿಡು. ಎರಡಕ್ಷರ' ಅಂದಳು.