ಕಿವಿಗೆ ಹೆದರಿಕೆ, ಕೈಗೆ ಸಿಹಿ: ವರ್ಷವಿಡೀ ನನ್ನ ಹ್ಯಾಲೋವೀನ್

ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬಂದು ಸಿಹಿ ಕೇಳುವ ಹಬ್ಬ ಹ್ಯಾಲೋವೀನ್. ನಮ್ಮ ಮನೆಯಲ್ಲಿ ಅದರ ತಯಾರಿ ಶುರುವಾಗುವುದು ನವೆಂಬರ್ 1ರ ಬೆಳಿಗ್ಗೆ. ಹಿಂದಿನ ಸಂಜೆ ಬಾಗಿಲಿಗೆ ಬಂದ ಮಕ್ಕಳ ಮುಖ ಇನ್ನೂ ಕಣ್ಣೆದುರಿಗೆ ಇರುವಾಗಲೇ ನೋಟ್‌ಪುಸ್ತಕ ತೆಗೆದು ಬರೆದಿಡುತ್ತೇನೆ. ಯಾವ ಬುಟ್ಟಿ ಮೊದಲು ಖಾಲಿಯಾಯಿತು, ಯಾವ ಶಬ್ದಕ್ಕೆ ಹೈಸ್ಕೂಲು ಹುಡುಗರೂ ತಿರುಗಿ ನೋಡಿದರು, ಯಾವ ಮಗು ಮೆಟ್ಟಿಲು ಹತ್ತಲಾರದೆ ಅಪ್ಪನ ಕಾಲನ್ನು ತಬ್ಬಿಕೊಂಡು ನಿಂತಿತು. ಮುಂದಿನ ವರ್ಷದ ಕೆಲಸವೆಲ್ಲ ಈ ಪುಟಗಳಿಂದಲೇ ಹುಟ್ಟುತ್ತದೆ. ಅದೇ ದಿನ ಅಂಗಡಿಗಳಲ್ಲಿ ಅಲಂಕಾರದ ಸಾಮಾನಿನ ಬೆಲೆ ಇಳಿದಿರುತ್ತದೆ. ನಾನು ಕೊಳ್ಳುವುದು ಕಪ್ಪು ಬಟ್ಟೆ, ಪುಟ್ಟ ದೀಪಗಳು, ಸ್ಪೀಕರ್ ವೈರು ಇಷ್ಟೇ. ರಕ್ತ ಸುರಿಯುವ ಮುಖವಾಡ, ತುಂಡಾದ ರಬ್ಬರ್ ಕೈಗಳನ್ನು ಮುಟ್ಟುವುದಿಲ್ಲ. ಅವು ಹೇಸಿಗೆ ಹುಟ್ಟಿಸುತ್ತವೆ, ಭಯ ಹುಟ್ಟಿಸುವುದಿಲ್ಲ. ಭಯದ ಬಾಗಿಲು ಕಿವಿ ಎಂಬುದು ನನ್ನ ದೃಢ ನಂಬಿಕೆ.

ಈ ನಂಬಿಕೆ ಬಲವಾಗಲು ನಾವಿರುವ ಊರೂ ಕಾರಣ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನಲ್ಲಿ ಗ್ರೋವರ್ಸ್ ಮಿಲ್ ಎಂಬ ಪುಟ್ಟ ಜಾಗವಿದೆ. 1938ರ ಅಕ್ಟೋಬರ್ 30ರ ರಾತ್ರಿ, ಹ್ಯಾಲೋವೀನ್‌ಗೆ ಒಂದು ದಿನ ಮೊದಲು ಪ್ರಸಾರವಾದ ರೇಡಿಯೊ ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದದ್ದು ಇಲ್ಲಿಯೇ. ವಾರ್ತೆಯ ಧಾಟಿಯಲ್ಲಿ ಓದಿದ್ದರಿಂದ ಕೇಳಿದವರಲ್ಲಿ ಕೆಲವರು ಅದನ್ನು ನಿಜವೆಂದೇ ನಂಬಿದರು. ದಿಗಿಲಿನ ಸುದ್ದಿಯನ್ನು ಪತ್ರಿಕೆಗಳು ಬಹಳ ಉಬ್ಬಿಸಿದವು ಎಂದು ಸಂಶೋಧಕರು ಈಗ ಹೇಳುತ್ತಾರೆ. ಆದರೂ ಒಂದು ದನಿ, ನಡುವೆ ಇದ್ದಕ್ಕಿದ್ದಂತೆ ಮೌನ, ಇಷ್ಟರಿಂದಲೇ ಏನೆಲ್ಲ ಕಟ್ಟಬಹುದು! ಉದ್ಯಾನದಲ್ಲಿ ಇದರ ನೆನಪಿಗೆ ನಿಲ್ಲಿಸಿರುವ ಫಲಕದ ಮುಂದೆ ವಾಕಿಂಗ್ ಹೋದಾಗಲೆಲ್ಲ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಾಗಾಗಿ ವರ್ಷವಿಡೀ ಶಬ್ದ ಕೂಡಿಡುತ್ತೇನೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೊಂಬಿನ ಗೂಬೆಗಳು ಜೋಡಿಯಾಗಿ ಕೂಗುತ್ತವೆ, ಕಿಟಕಿಯನ್ನು ಒಂದಿಷ್ಟು ತೆರೆದು ಮೊಬೈಲ್ ಇಟ್ಟರೆ ಸಾಕು. ಬೇಸಿಗೆಯಲ್ಲಿ ಕೀಟಗಳ ಕಿರಿಕಿರಿ, ಶರತ್ಕಾಲದಲ್ಲಿ ಒಣಗಿದ ಎಲೆಯ ಮೇಲಿನ ಹೆಜ್ಜೆ. ಆದರೆ ನನ್ನ ಅತ್ಯುತ್ತಮ ಶಬ್ದಗಳೆಲ್ಲ ಅಡುಗೆಮನೆಯವು. ವೆಟ್ ಗ್ರೈಂಡರ್‌ನಲ್ಲಿ ದೋಸೆಹಿಟ್ಟು ತಿರುಗುವ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ನೆಲದಡಿಯಲ್ಲಿ ಯಾರೋ ಭಾರವಾದ ಕಲ್ಲನ್ನು ಎಳೆಯುತ್ತಿರುವಂತೆ ಕೇಳುತ್ತದೆ. ತುರಿಮಣೆಯ ಮೇಲೆ ತೆಂಗಿನಕಾಯಿ ತುರಿಯುವ ಸದ್ದನ್ನು ಹತ್ತಿರದಿಂದ ಹಿಡಿದು, ನಡುನಡುವೆ ನಿಲ್ಲಿಸಿ ನಿಲ್ಲಿಸಿ ಕೇಳಿಸಿದರೆ ಉಗುರು ಬಾಗಿಲನ್ನು ಕೆರೆದಂತಿರುತ್ತದೆ. ವೇಗ ಬದಲಿಸಲು ಮೊಬೈಲಿನಲ್ಲೇ ಸಿಗುವ ಉಚಿತ ಆ್ಯಪ್ ಸಾಕು.

ಎಲ್ಲಕ್ಕಿಂತ ಹೆಚ್ಚು ನಡುಗಿಸುವುದು ಮನುಷ್ಯರ ದನಿ, ಅದರಲ್ಲೂ ಪರಿಚಿತ ದನಿ. 1990ರ ದಶಕದಲ್ಲಿ ಕರ್ನಾಟಕದಲ್ಲಿ ದೆವ್ವವನ್ನು ಹಿಂದಕ್ಕೆ ಕಳಿಸಲು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದೆವ್ವಕ್ಕೆ ಕೋರೆಹಲ್ಲು ಬೇಕಿರಲಿಲ್ಲ, ಮನೆಯವರ ದನಿಯಲ್ಲಿ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮುಗಿಯಿತು. ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಆಕೆಯ ಪಿಸುಮಾತನ್ನು ರೆಕಾರ್ಡ್ ಮಾಡಿಕೊಂಡೆ. ಹೇಳಿಸಿದ್ದು ಒಂದೇ ವಾಕ್ಯ: “ಊಟ ಆಯಿತಾ, ಮಗು?” ಪೊದೆಯ ಹಿಂದಿನಿಂದ ಮೆಲ್ಲಗೆ ಅದು ಬಂದರೆ ಕನ್ನಡ ಬಾರದ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕನ್ನಡದ ಮನೆಗಳ ಮಕ್ಕಳು ನಕ್ಕು, “ಆಯಿತು ಅಜ್ಜಿ!” ಎಂದು ಕೂಗುತ್ತಾರೆ. ಎರಡೂ ನನಗೆ ಸಮಾನ ಸಂತೋಷ.

ಸ್ಪೀಕರನ್ನು ಎಂದೂ ಬಾಗಿಲ ಬಳಿ ಇಡಬೇಡಿ. ಮಗು ಬಾಗಿಲನ್ನು ನೋಡುತ್ತಿರುವಾಗ ಸದ್ದು ಬೆನ್ನ ಹಿಂದಿನಿಂದ ಬರಬೇಕು, ಸಣ್ಣಗೆ ಬರಬೇಕು. ಜೋರಾದ ಸದ್ದಿಗೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಸಣ್ಣ ಸದ್ದಿಗೆ ಕಿವಿಗೊಡುತ್ತಾರೆ.

ಹೊತ್ತಿನ ಲೆಕ್ಕವೂ ಮುಖ್ಯ. 2007ರಿಂದ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ. ಹಾಗಾಗಿ ಹ್ಯಾಲೋವೀನ್ ಸಂಜೆ ಇಲ್ಲಿ ಆರು ಗಂಟೆಯ ಹತ್ತಿರದವರೆಗೂ ಬೆಳಕಿರುತ್ತದೆ. ತೀರಾ ಪುಟ್ಟ ಮಕ್ಕಳು ಬರುವುದು ಆ ಬೆಳಕಿನಲ್ಲಿ. ಅವರಿಗೆ ನಗುವ ಕುಂಬಳಕಾಯಿ, ಹೊಸ್ತಿಲಲ್ಲಿ ನಾನು, ಅಷ್ಟೇ. ಕತ್ತಲಾದ ಮೇಲೆ ಅಂಗಳದ ದೀಪ ಆರಿಸಿ ಶಬ್ದ ಶುರುಮಾಡುತ್ತೇನೆ. ಆಗಲೂ ಸ್ಪೀಕರಿನ ರಿಮೋಟು ನನ್ನ ಕೈಯಲ್ಲೇ ಇರುತ್ತದೆ. ದೊಡ್ಡವರ ಜೊತೆ ಪುಟಾಣಿಯೊಂದು ಬರುವುದು ಕಂಡರೆ ತಕ್ಷಣ ನಿಲ್ಲಿಸುತ್ತೇನೆ. ಮಗು ಅಳುತ್ತಾ ಹಿಂತಿರುಗುವಂತೆ ಹೆದರಿಸುವುದನ್ನು ಮನರಂಜನೆ ಎಂದು ನಾನು ಒಪ್ಪುವುದಿಲ್ಲ.

ಹೊಗೆಯ ಬಗ್ಗೆ ಹಲವರು ಕೇಳುತ್ತಾರೆ. ಯಂತ್ರದಿಂದ ಬರುವ ಹೊಗೆ ಬಿಸಿಯಾದ್ದರಿಂದ ಮೇಲೇಳುತ್ತದೆ. ಮಂಜುಗಡ್ಡೆ ತುಂಬಿದ ಡಬ್ಬಿಯೊಳಗಿನ ಕೊಳವೆಯಲ್ಲಿ ಹಾಯಿಸಿದರೆ ತಣ್ಣಗಾಗಿ ನೆಲಕ್ಕಂಟಿ ಹರಿಯುತ್ತದೆ. ಮೈನಸ್ 78 ಡಿಗ್ರಿಯ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಮಕ್ಕಳು ಓಡಾಡುವಲ್ಲಿ ಬೇಡ. ಆಸ್ತಮಾ ಇರುವ ಮಕ್ಕಳೂ ಬರುತ್ತಾರೆ, ಆದ್ದರಿಂದ ಹೊಗೆಯನ್ನು ಹುಲ್ಲುಹಾಸಿನ ಆಚೆ ತುದಿಯಲ್ಲೇ ಇರಿಸುತ್ತೇನೆ.

ಇನ್ನು ಸಿಹಿ. ಇದಕ್ಕಾಗಿ ವರ್ಷವಿಡೀ ಪೊಟ್ಟಣಗಳ ಹಿಂಬದಿ ಓದುತ್ತೇನೆ. ನಮ್ಮ ಬೀದಿಯಲ್ಲಿ ಸಸ್ಯಾಹಾರಿ ಮನೆಗಳು, ಮುಸ್ಲಿಂ ಮನೆಗಳು, ಯಹೂದಿ ಮನೆಗಳು ಎಲ್ಲ ಇವೆ, ಮೂರಕ್ಕೂ ತೊಡಕಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್. ಮಾರ್ಷ್‌ಮ್ಯಾಲೋದಲ್ಲಿ, ಗಮ್ಮಿಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಹ್ಯಾಲೋವೀನ್‌ನ ಗುರುತೇ ಆಗಿರುವ ಮೂರು ಬಣ್ಣದ ಕ್ಯಾಂಡಿ ಕಾರ್ನ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಇಲ್ಲಿಯ ಹಣ್ಣಿನ ರುಚಿಯ ಮಿಠಾಯಿಗಳಲ್ಲಿ ಸ್ಟಾರ್‌ಬರ್ಸ್ಟ್‌ನಲ್ಲಿ ಇದೆ, ಸ್ಕಿಟಲ್ಸ್‌ನಲ್ಲಿ ಇಲ್ಲ. ಮಗು ದಿಂಬಿನ ಗವಸಿನ ತುಂಬ ಸಿಹಿ ಹೊತ್ತು ಮನೆಗೆ ಹೋಗಿ, ಅರ್ಧವನ್ನು ಅಮ್ಮ ತೆಗೆದಿಡುವುದನ್ನು ನೋಡಬೇಕಾಗುತ್ತದೆ. ನಮ್ಮ ಮನೆಯದು ತೆಗೆದಿಡುವ ರಾಶಿಗೆ ಸೇರಬಾರದು ಎಂಬುದು ನನ್ನ ಹಟ. ಅದಕ್ಕೇ ಮೂರು ಬುಟ್ಟಿ. ಒಂದರಲ್ಲಿ ಕಡಲೆಕಾಯಿ ಬೆಣ್ಣೆಯ ಚಾಕೊಲೇಟು, ಏಕೆಂದರೆ ಎಲ್ಲರಿಗೂ ಬೇಕಾದದ್ದು ಅದೇ. ಇನ್ನೊಂದರಲ್ಲಿ ಕಡಲೆಕಾಯಿ, ಜೆಲಾಟಿನ್ ಎರಡೂ ಇಲ್ಲದವು. ಮೂರನೆಯದರಲ್ಲಿ ಪೆನ್ಸಿಲು, ಕತ್ತಲಲ್ಲಿ ಹೊಳೆಯುವ ಬಳೆ, ಸ್ಟಿಕ್ಕರು. ಈ ಬುಟ್ಟಿಯ ಸುಳಿವಾಗಿ ಮೆಟ್ಟಿಲ ಮೇಲೆ ಹಸಿರು-ನೀಲಿ ಬಣ್ಣ ಬಳಿದ ಕುಂಬಳಕಾಯಿ ಇಡುತ್ತೇನೆ. ತಿನಿಸಿನ ಅಲರ್ಜಿ ಇರುವ ಮಕ್ಕಳಿಗೂ ಇಲ್ಲಿ ಏನೋ ಸಿಗುತ್ತದೆ ಎಂಬ ಈ ಗುರುತು 2014ರಿಂದ ದೇಶದಾದ್ಯಂತ ಹಬ್ಬಿದೆ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಹಂಚಲು ನನಗೂ ಆಸೆ. ಆದರೆ ಅಪರಿಚಿತರ ಮನೆಯಿಂದ ಮೊಹರು ಒಡೆಯದ ಪೊಟ್ಟಣವನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಇಲ್ಲಿ ತಾಯ್ತಂದೆಯರು ಮಕ್ಕಳಿಗೆ ಕಲಿಸಿರುತ್ತಾರೆ. ಅದು ಸರಿಯೂ ಹೌದು.

ಬೂದುಗುಂಬಳಕಾಯಿಯ ಮೇಲೆ ರಾಕ್ಷಸನ ಮುಖ ಬರೆದು ಹೊಸ ಕಟ್ಟಡದ ಮುಂದೆ ನೇತುಹಾಕುವುದನ್ನು ನೋಡಿ ಬೆಳೆದ ನನಗೆ ಇಲ್ಲಿಯ ಕೆತ್ತಿದ ಕುಂಬಳಕಾಯಿ ಮೊದಲ ವರ್ಷವೇ ನೆಂಟನಂತೆ ಕಂಡಿತು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದ ರೂಢಿ ಅಮೆರಿಕಕ್ಕೆ ಬಂದು ಕುಂಬಳಕಾಯಿಗೆ ತಿರುಗಿದ್ದು. ಬೀಜವನ್ನು ಜೂನ್ ನಡುವೆ ಬಿತ್ತುತ್ತೇನೆ. ಇನ್ನೂ ಮೊದಲೇ ಬಿತ್ತಿದರೆ ಕಾಯಿ ಬೇಗ ಮಾಗಿ ಅಕ್ಟೋಬರ್ ಕೊನೆಯವರೆಗೆ ಗಟ್ಟಿ ಉಳಿಯುವುದು ಕಷ್ಟ. ಬೆಳಿಗ್ಗೆ ಜೇನುನೊಣ ಕಾಣದಿದ್ದರೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾನೇ ತಾಗಿಸುತ್ತೇನೆ. ಕೆತ್ತುವುದು ಹಬ್ಬಕ್ಕೆ ಎರಡು ದಿನ ಮೊದಲು, ಕೊಯ್ದ ಅಂಚಿಗೆ ವ್ಯಾಸಲೀನ್ ಸವರಿದರೆ ಬೇಗ ಬಾಡುವುದಿಲ್ಲ. ಕೆತ್ತುವ ಜಾತಿಯ ತಿರುಳು ನೀರುನೀರು, ನಾರುನಾರು, ಹುಳಿಗೆ ಸಪ್ಪೆ. ಬೀಜ ಮಾತ್ರ ಚಿನ್ನ: ತೊಳೆದು ಒಣಗಿಸಿ, ಎಣ್ಣೆ, ಉಪ್ಪು, ಸಾರಿನ ಪುಡಿ ಕಲಸಿ ಅವನ್‌ನಲ್ಲಿ ಹುರಿಯಿರಿ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂತು. ಮೆಟ್ಟಿಲ ಮೇಲೆ ಕುಂಬಳಕಾಯಿಗಳ ನಡುವೆ ಹಣತೆ ಇಟ್ಟೆ. ಮಾಟಗಾತಿ ವೇಷದ ಹುಡುಗಿಯೊಬ್ಬಳು, “ಆಂಟಿ, ಇವತ್ತು ಯಾವ ಹಬ್ಬ?” ಎಂದು ಕೇಳಿದಳು. ಎರಡೂ ಎಂದೆ. ಹಾಗಾದರೆ ಎರಡು ಚಾಕೊಲೇಟು ಕೊಡಬೇಕು ಎಂದಳು, ಕೊಟ್ಟೆ. ಈ ಚಳಿಗಾಲದಲ್ಲಿ ಹತ್ತಿರದ ಕಾಲುವೆಯ ನೀರು ಹೆಪ್ಪುಗಟ್ಟಿದರೆ, ಮಂಜುಗಡ್ಡೆ ಬಿರುಕು ಬಿಡುವ ಸದ್ದನ್ನು ಹಿಡಿಯಬೇಕೆಂದಿದ್ದೇನೆ. ಮೈಕಿಗೆ ಉಣ್ಣೆಯ ಗವಸು ಹೊಲಿಯುತ್ತಿದ್ದೇನೆ.