ಕಾರಿನ ಪೆಟ್ರೋಲ್ ಆವಿ ಎಲ್ಲಿ ಸೋರುತ್ತಿದೆ? ಪರೀಕ್ಷಿಸುವ ಕ್ರಮ

ಬಿಸಿಲಿನಲ್ಲಿ ನಿಂತ ಪೆಟ್ರೋಲ್ ಕಾರಿನ ಹಿಂಭಾಗದಲ್ಲಿ ವಾಸನೆ ಬಂದರೆ ಹೆಚ್ಚಿನವರು ಬಗ್ಗಿ ನೆಲ ನೋಡುತ್ತಾರೆ, ಹನಿ ಕಾಣದಿದ್ದರೆ ಸಮಾಧಾನಪಟ್ಟು ಸುಮ್ಮನಾಗುತ್ತಾರೆ. ಹನಿ ಬೀಳದಿದ್ದರೂ ಆವಿ ಸೋರುತ್ತಿರಬಹುದು. ಟ್ಯಾಂಕಿನಲ್ಲಿ ಏಳುವ ಆವಿ ಸಕ್ರಿಯ ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೋಗಿ ಅಲ್ಲಿ ಅಂಟಿಕೊಂಡಿರುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಎಂಜಿನ್ನಿನ ನಿಯಂತ್ರಣ ಕಂಪ್ಯೂಟರಾದ ಇಸಿಯು, ಕ್ಯಾನಿಸ್ಟರ್ ಮತ್ತು ಎಂಜಿನ್ ನಡುವಿನ ಪರ್ಜ್ ವಾಲ್ವನ್ನು ತೆರೆಯುತ್ತದೆ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಸೆಳೆತಕ್ಕೆ ಹೊರಗಿನ ಗಾಳಿ ಇದ್ದಿಲಿನ ಮೂಲಕ ಹಾದು ಆ ಆವಿಯನ್ನು ಎಂಜಿನ್‌ಗೆ ಒಯ್ಯುತ್ತದೆ, ಅಲ್ಲಿ ಅದು ಉರಿದುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯ ಕಾರುಗಳಿಂದಲೂ ಅಮೆರಿಕದ ಉಳಿದೆಡೆ 1971ರಿಂದಲೂ ಕಡ್ಡಾಯವಾದ ಈ ವ್ಯವಸ್ಥೆ ಈಗ ನಮ್ಮ ಪೆಟ್ರೋಲ್ ಕಾರುಗಳಲ್ಲೂ ಇದೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದು. ಅದು ಮೇಲೇರಿ ಚದುರುವ ಬದಲು ನೆಲದಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಮಡುಗಟ್ಟುತ್ತದೆ, ಮತ್ತು ಗಾಳಿಯಲ್ಲಿ ಸುಮಾರು ಶೇ. 1.4ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ತಣ್ಣಗಿರುವಾಗ, ಗಾಳಿಯಾಡುವ ಬಯಲಿನಲ್ಲಿ ಪರೀಕ್ಷೆ ನಡೆಸಬೇಕು. ಆವಿಯಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಇರುವುದರಿಂದ ಹೋಸ್‌ಗೆ ಬಾಯಿಯಿಟ್ಟು ಊದುವ ಹಳೆಯ ಅಭ್ಯಾಸವನ್ನೂ ಬಿಡಬೇಕು. ಅದರ ಬದಲು ಬಳಸುವ ಕೈಪಂಪಿನ ಬೆಲೆ ಹೆಚ್ಚೇನಲ್ಲ.

ಆರಂಭ ಟ್ಯಾಂಕಿನ ಮುಚ್ಚಳದಿಂದ. ಅದರ ರಬ್ಬರ್ ಉಂಗುರವನ್ನು ಬೆರಳಿನಿಂದ ಬಾಗಿಸಿ ನೋಡಿದರೆ ಮೇಲ್ನೋಟಕ್ಕೆ ಕಾಣದ ಬಿರುಕುಗಳು ತೆರೆದುಕೊಳ್ಳುತ್ತವೆ. ಟ್ಯಾಂಕಿನ ಬಾಯಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಧೂಳು ಹೋದ ಮೇಲೆ ತುಕ್ಕು ಇದೆಯೇ ಎಂದು ನೋಡಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ ಈ ಅಂಚು ಹಾಗೂ ಅದರ ಕೆಳಗಿನ ಲೋಹದ ಕೊಳವೆ ತುಕ್ಕು ಹಿಡಿದಿದ್ದರೆ ಹೊಸ ಮುಚ್ಚಳ ಹಾಕಿಯೂ ಪ್ರಯೋಜನವಿಲ್ಲ. ಬಳಿಕ ಟ್ಯಾಂಕಿನಿಂದ ಕ್ಯಾನಿಸ್ಟರ್‌ಗೂ ಅಲ್ಲಿಂದ ಎಂಜಿನ್‌ಗೂ ಹೋಗುವ ಹೋಸ್‌ಗಳನ್ನು ಉದ್ದಕ್ಕೂ ಕೈಯಾಡಿಸಿ ನೋಡಬೇಕು. ಇಲಿ ಕಡಿದ ಗುರುತು, ಕ್ಲಿಪ್ಪಿನ ಬಳಿ ಸೀಳಿದ ರಬ್ಬರ್, ಕಳಚಿಕೊಂಡ ತುದಿ: ಇಷ್ಟರಲ್ಲೇ ಎಷ್ಟೋ ದೋಷಗಳು ಸಿಕ್ಕಿಬಿಡುತ್ತವೆ.

ಪರ್ಜ್ ವಾಲ್ವ್‌ಗೆ ತುಸು ಹೆಚ್ಚು ತಾಳ್ಮೆ ಬೇಕು. ವಿದ್ಯುತ್ ಇಲ್ಲದಿದ್ದಾಗ ಇದು ಮುಚ್ಚಿರಬೇಕು. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲಿ ಓಡುತ್ತಿರುವಾಗ ಕ್ಯಾನಿಸ್ಟರ್ ಕಡೆಯ ಹೋಸನ್ನು ಕಳಚಿ ವಾಲ್ವಿನ ಬಾಯಿಗೆ ಬೆರಳಿಟ್ಟರೆ ಸೆಳೆತ ಇರಬಾರದು. ವಾಲ್ವಿನ ವಿದ್ಯುತ್ ಕನೆಕ್ಟರ್ ತೆಗೆದ ಮೇಲೂ ಸೆಳೆತ ಮುಂದುವರಿದರೆ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಬಿದ್ದಿದೆ ಎಂದು ತಿಳಿಯಬೇಕು. ಪೆಟ್ರೋಲ್ ತುಂಬಿಸಿದ ಕೂಡಲೇ ಕಾರು ಸರಿಯಾಗಿ ಸ್ಟಾರ್ಟ್ ಆಗದಿರುವುದು, ಐಡಲ್‌ನಲ್ಲಿ ನಡುಗುವುದು ಇದರ ಲಕ್ಷಣಗಳು. ನಂತರ ವಾಲ್ವನ್ನು ಕಾರಿನಿಂದ ಬಿಚ್ಚಿ, ಆವಿಯಿಂದ ದೂರ ಒಯ್ದು 12 ವೋಲ್ಟ್ ಕೊಟ್ಟರೆ ಟಕ್ ಎಂಬ ಸದ್ದಿನೊಂದಿಗೆ ಗಾಳಿ ಹಾಯಬೇಕು. ವಾಲ್ವಿನೊಳಗಿನ ತಂತಿ ಸುರುಳಿಯ ವಿದ್ಯುತ್ ರೋಧ ಹಲವು ಕಾರುಗಳಲ್ಲಿ 20ರಿಂದ 30 ಓಮ್ ಇರುತ್ತದೆಯಾದರೂ ಆಯಾ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಕ್ಯಾನಿಸ್ಟರ್ ಒಳಗೆ ಹೊರಗಿನ ಗಾಳಿ ಬಿಡುವ ವೆಂಟ್ ವಾಲ್ವ್ ಇರುವ ಕಾರುಗಳಲ್ಲಿ ಅದರ ನಡತೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ವಿದ್ಯುತ್ ಇಲ್ಲದಾಗ ತೆರೆದಿರುತ್ತದೆ, ಕೊಟ್ಟಾಗ ಮುಚ್ಚುತ್ತದೆ.

ಬಂಕಿನಲ್ಲಿ ನಾಜಲ್ ಪದೇ ಪದೇ ಕಟ್ ಆಗುತ್ತಿದ್ದರೆ ವೆಂಟ್ ದಾರಿ ಕಟ್ಟಿಕೊಂಡಿರುವ ಸಂಭವವಿದೆ. ಕೆಸರು, ಧೂಳು, ಜೇಡರ ಬಲೆ ಯಾವುದೂ ಸಾಕು. ಇನ್ನು ಕ್ಯಾನಿಸ್ಟರ್ ಬಿಚ್ಚಿ ಅಲುಗಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ, ಅಥವಾ ಹೋಸ್‌ನಿಂದ ಕಪ್ಪು ಹರಳುಗಳು ಉದುರಿದರೆ, ಅದನ್ನು ಬದಲಿಸಬೇಕು, ಉದುರಿದ ಹರಳು ಪರ್ಜ್ ವಾಲ್ವಿಗೂ ಹೊಕ್ಕಿದೆಯೇ ಎಂದು ನೋಡಬೇಕು. ಈ ದುಃಸ್ಥಿತಿಗೆ ಮುಖ್ಯ ಕಾರಣ ನಮ್ಮದೇ ಅಭ್ಯಾಸ. ನಾಜಲ್ ತಾನಾಗಿ ನಿಂತ ಮೇಲೂ ‘ರೌಂಡ್ ಫಿಗರ್ ಮಾಡಿ’ ಎಂದು ಕತ್ತಿನ ತನಕ ತುಂಬಿಸಿದರೆ ದ್ರವ ಪೆಟ್ರೋಲೇ ಆವಿಯ ಕೊಳವೆಗೆ ನುಗ್ಗಿ ಇದ್ದಿಲನ್ನು ತೋಯಿಸುತ್ತದೆ. ಮೊದಲ ಕಟ್‌ಗೇ ನಿಲ್ಲಿಸುವಂತೆ ಬಂಕಿನವರಿಗೆ ದಯವಿಟ್ಟು ಹೇಳಿ.

ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಸಹಾಯಕ್ಕೆ ಬರುತ್ತದೆ. ಪಿ0455 ದೊಡ್ಡ ಸೋರಿಕೆಯನ್ನೂ ಪಿ0442 ಸಣ್ಣದನ್ನೂ ಪಿ0456 ಅತಿ ಸಣ್ಣದನ್ನೂ ಸೂಚಿಸುತ್ತವೆ. ಪಿ0441 ಪರ್ಜ್ ಹರಿವು ತಪ್ಪಿದೆ ಎನ್ನುತ್ತದೆ. ಇವು ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಕೋಡ್ ಓದಿದ ಕೂಡಲೇ ವಾಲ್ವ್ ಕೊಂಡು ತರುವುದು ಹಣ ಕಳೆಯುವ ದಾರಿ. ಮೇಲಾಗಿ, ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್ ಇಲ್ಲದ ಕಾರುಗಳೂ ಇರುವುದರಿಂದ ದೀಪ ಹೊತ್ತಿಲ್ಲ ಎಂಬುದು ಸೋರಿಕೆ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಕೈಗೂ ಕಣ್ಣಿಗೂ ಸಿಗದ ಸೋರಿಕೆಗೆ ಸ್ಮೋಕ್ ಯಂತ್ರವಿರುವ ಗ್ಯಾರೇಜಿಗೇ ಹೋಗಬೇಕು. ವೆಂಟ್ ಮುಚ್ಚಿ, ಪರ್ಜ್ ಕೊಳವೆಯಿಂದ ಹೊಗೆ ಹಾಯಿಸಿದರೆ ಅದು ಸೋರುವ ಜಾಗದಲ್ಲಿ ಎಳೆಯಾಗಿ ಹೊರಬರುತ್ತದೆ. ಒತ್ತಡ ಅರ್ಧ ಪಿಎಸ್‌ಐ ಆಸುಪಾಸಿನಲ್ಲೇ ಇರಬೇಕು; ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಜೋಡಿಸಿದರೆ ಟ್ಯಾಂಕೇ ಹಾಳಾಗಬಹುದು, ಬೆಂಕಿಯ ಅಪಾಯ ಬೇರೆ. ಗಾಳಿಯ ಬದಲು ನೈಟ್ರೋಜನ್ ಬಳಸುವುದು ಸುರಕ್ಷಿತ.

ದುರಸ್ತಿಯ ನಂತರ ಕೋಡ್ ಅಳಿಸಿದೊಡನೆ ಕಾರನ್ನು ಒಪ್ಪಿಸಬಾರದು. ಸೋರಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಕಾರುಗಳು ಸಾಮಾನ್ಯವಾಗಿ ರಾತ್ರಿಯಿಡೀ ತಣಿದ ನಂತರ, ಟ್ಯಾಂಕ್ ಸುಮಾರು ಶೇ. 15ರಿಂದ 85ರಷ್ಟು ತುಂಬಿರುವಾಗ ಮಾತ್ರ ಆ ಪರೀಕ್ಷೆ ನಡೆಸುತ್ತವೆ. ಆದ್ದರಿಂದ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಎರಡು ಮೂರು ದಿನ ಓಡಿಸಿ, ಸ್ಕ್ಯಾನರ್‌ನಲ್ಲಿ ಇವ್ಯಾಪ್ ಮಾನಿಟರ್, ಅಂದರೆ ಈ ಆವಿ ವ್ಯವಸ್ಥೆಯ ಸ್ವಯಂ ಪರೀಕ್ಷೆ, ಪೂರ್ಣಗೊಂಡಿರುವುದನ್ನು ಕಂಡ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.